ನರ್ಸಮ್ಮನ ಜಗಲಿಯ ಕ್ರಿಸ್ಮಸ್

ಬೆಳಿಗ್ಗೆ ಕಾಫಿಗೆ ಹಾಲು ಕಾಯಿಸಲು ಹೋದಾಗ ಅಡುಗೆಮನೆಯ ಕಿಟಕಿಯಿಂದ ವಾಸನೆ ಬಂತು. ಕಾದ ಎಣ್ಣೆ, ತೆಂಗಿನಹಾಲು, ಮೊಟ್ಟೆ ಹಾಕಿ ಕಲಸಿದ ಅಕ್ಕಿಹಿಟ್ಟು, ಜೊತೆಗೆ ಒಂದಿಷ್ಟು ಎಳ್ಳು. ಕೆಳಮನೆಯವರು ಕ್ರಿಸ್ಮಸ್ಸಿಗೆ ಅಚ್ಚುಮುರುಕು ಕರಿಯುತ್ತಿದ್ದರು. ಕಬ್ಬಿಣದ ಹೂವಿನ ಅಚ್ಚನ್ನು ಮೊದಲು ಎಣ್ಣೆಯಲ್ಲಿ ಕಾಯಿಸಿ, ಹಿಟ್ಟಿನಲ್ಲಿ ಅದ್ದಿ, ಮತ್ತೆ ಎಣ್ಣೆಗೆ ಇಳಿಸಿ ಮೆಲ್ಲಗೆ ಅಲುಗಿಸಿದರೆ ಹೂವು ತಾನಾಗಿ ಬಿಟ್ಟುಕೊಳ್ಳುತ್ತದೆ. ಇದನ್ನು ನಾನು ಮಾಡಿ ಕಲಿತದ್ದಲ್ಲ, ಪಕ್ಕದಲ್ಲಿ ಕೂತು ನೋಡಿ ಕಲಿತದ್ದು. ಹಾಲಿನ ಒಲೆ ಆರಿಸಿ ಕಿಟಕಿಯ ಹತ್ತಿರ ಸುಮ್ಮನೆ ನಿಂತುಬಿಟ್ಟೆ.

ಹೋದ ವರ್ಷದವರೆಗೂ ಈ ದಿನ ಕೆಳಮನೆಯಿಂದ ನಮಗೊಂದು ತಟ್ಟೆ ಬರುತ್ತಿತ್ತು. ಈ ಸಲ ಬರುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಯಜಮಾನರು ತೀರಿಕೊಂಡರು. ಸಾವಾದ ಮನೆಗೆ ವರ್ಷ ತುಂಬುವ ತನಕ ಹಬ್ಬವಿಲ್ಲ ಎನ್ನುವುದು ನಮ್ಮ ಕನ್ನಡದವರಲ್ಲೂ ಇದೆ, ಇಲ್ಲಿ ಸೇಲಂನ ತಮಿಳರಲ್ಲೂ ಇದೆ. ದೀಪಾವಳಿಗೆ ಯಾರೂ ಈ ಕಡೆ ತಲೆ ಹಾಕಲಿಲ್ಲ. ಕೆಳಮನೆಯಾಕೆ ಮೆಟ್ಟಿಲ ಹತ್ತಿರ ಎದುರಾದರೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ. ಅವಳದೇನೂ ತಪ್ಪಿಲ್ಲ. ಎಲ್ಲರೂ ನನ್ನ ವಿಷಯದಲ್ಲಿ ಬಹಳ ಮರ್ಯಾದೆಯಿಂದಲೇ ನಡೆದುಕೊಳ್ಳುತ್ತಿದ್ದಾರೆ. ನಿಜ ಹೇಳಬೇಕೆಂದರೆ ಆ ಮರ್ಯಾದೆಯೇ ನನಗೆ ಸಾಕಾಗಿ ಹೋಗಿದೆ.

ತಮ್ಮ ಮತ್ತು ಅವನ ಹೆಂಡತಿ ನಿನ್ನೆ ಧರ್ಮಪುರಿಯಿಂದ ಬಂದಿದ್ದಾರೆ. ತಮ್ಮ ಅಲ್ಲಿ ಶಾಲೆಯ ಮೇಷ್ಟ್ರು, ಅರೆವಾರ್ಷಿಕ ಪರೀಕ್ಷೆಯ ರಜೆ. ನಮಗೆ ಮಕ್ಕಳಿಲ್ಲ, ಅಕ್ಕ ಒಬ್ಬಳೇ ಇದ್ದಾಳಲ್ಲ ಎಂದು ಬಂದಿದ್ದಾನೆ. ಬಂದಾಗಿನಿಂದ ತೊಪ್ಪೂರು ಘಾಟಿನಲ್ಲಿ ಲಾರಿ ಕೆಟ್ಟು ನಿಂತು ಬಸ್ಸು ತಡವಾದ ಕತೆಯನ್ನೇ ಹೇಳುತ್ತಿದ್ದಾನೆ. ಭಾವನ ಹೆಸರೆತ್ತಿದರೆ ಅಕ್ಕ ಅತ್ತುಬಿಡುತ್ತಾಳೆ ಎಂಬ ಭಯ ಅವನಿಗೆ. ಉಳಿದ ಸುದ್ದಿಯಾದರೂ ಏನಿದೆ? ಯಾರ ಮಗಳು ದೊಡ್ಡವಳಾದಳು, ಯಾರು ಕಾರು ತೆಗೆದುಕೊಂಡರು, ಯಾರಿಗೆ ಸ್ಟೆಂಟ್ ಹಾಕಿದರು, ಎಲ್ಲ ಆಯಾ ದಿನವೇ ಫೋನಿನ ಗ್ರೂಪಿನಲ್ಲಿ ಬಂದಾಗಿದೆ. ಯಜಮಾನರು ಹೋದ ಸುದ್ದಿಯೂ ಹಾಗೇ ಬಂತು, ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು, ಅಷ್ಟರಲ್ಲಿ ಯಾರದೋ ಹುಟ್ಟುಹಬ್ಬ ಬಂತು. ನಾನು ಯಾರನ್ನೂ ದೂರುತ್ತಿಲ್ಲ, ನನಗೆ ಸುಸ್ತಾಗಿದೆ ಅಷ್ಟೆ.

ಸುದ್ದಿಯೆಲ್ಲ ವರ್ಷದ ಕೊನೆಯವರೆಗೆ ಕಾದಿದ್ದ ಕಾಲವೊಂದಿತ್ತು. ನಾನು ಬೆಳೆದದ್ದು ಸೇಲಂ ಹತ್ತಿರದ ಓಮಲೂರಿನಲ್ಲಿ, ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ಒಂದು ಸಣ್ಣ ಬೀದಿ. ಬೀದಿಯಲ್ಲಿ ಹೆಚ್ಚಿನವರು ನಮ್ಮವರೇ. ಧರ್ಮಪುರಿ ಕಡೆಯ ಹಳ್ಳಿಗಳಲ್ಲಿ ಕುರಿ ಮೇಯಿಸಿಕೊಂಡಿದ್ದವರ ಮಕ್ಕಳು, ಒಂದೊಂದು ಕೆಲಸ ಹಿಡಿದು ಪೇಟೆಗೆ ಬಂದವರು. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಕೊಟ್ಟ ಹೆಣ್ಣುಮಕ್ಕಳೆಲ್ಲ ಧರ್ಮಪುರಿ, ಕಡಯಂಪಟ್ಟಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬರುತ್ತಿದ್ದದ್ದು ಈ ಅರೆವಾರ್ಷಿಕ ರಜೆಯಲ್ಲೇ. ಹಾಗಾಗಿ ಹಿಂದೂಗಳೇ ತುಂಬಿದ್ದ ನಮ್ಮ ಬೀದಿಗೆ ವರ್ಷದ ಲೆಕ್ಕ ಮುಗಿಯುತ್ತಿದ್ದದ್ದು ಕ್ರಿಸ್ಮಸ್ಸಿಗೆ. ಅದೂ ನರ್ಸಮ್ಮನ ಜಗಲಿಯ ಮೇಲೆ.

ನರ್ಸಮ್ಮ ಬೀದಿಯಲ್ಲಿದ್ದ ಒಂದೇ ಕ್ರೈಸ್ತರ ಮನೆಯವರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ರಿಟೈರ್ ಆಗಿದ್ದರು. ಮನೆಮಾತು ತಮಿಳು, ಆದರೆ ನಮ್ಮ ಹೆಂಗಸರ ಜೊತೆ ಆಡಿ ಆಡಿ ನಮ್ಮ ಕನ್ನಡವನ್ನು ನಮಗಿಂತ ಜೋರಾಗಿ ಆಡುತ್ತಿದ್ದರು. ದಪ್ಪ ಕನ್ನಡಕ, ಗಟ್ಟಿ ಗಂಟಲು, ಬೈಯುವಾಗ ಯಾರ ಮುಖವನ್ನೂ ನೋಡುವ ಅಭ್ಯಾಸವಿಲ್ಲ. ಅವರ ಗಂಡ ಲಾರಿಗಳಿಗೆ ಪೇಂಟ್ ಹೊಡೆಯುವವರು. ಲಾರಿಯ ಹಿಂದೆ ತಾವರೆ, ಹಸು, ಗಿಳಿ ಬರೆಯುವುದರಲ್ಲಿ ಎತ್ತಿದ ಕೈ. ಬಾಯಿ ತೆರೆದರೆ ಪೇಂಟಿನ ಮಾತು, ಇಲ್ಲದಿದ್ದರೆ ಮಾತೇ ಇಲ್ಲ. ಡಿಸೆಂಬರ್ ಬಂತೆಂದರೆ ಬಿದಿರಿನ ಸೀಳು, ಬಣ್ಣದ ಕಾಗದ ತಂದು ಅವರೇ ನಕ್ಷತ್ರ ಕಟ್ಟಿ ಬಾಗಿಲ ಮುಂದೆ ತೂಗುಹಾಕುತ್ತಿದ್ದರು.

ಕ್ರಿಸ್ಮಸ್ ದಿನ ಚರ್ಚು ಮುಗಿಸಿ ಬಂದ ಮೇಲೆ ನರ್ಸಮ್ಮ ಜಗಲಿಯ ಮೇಲೆ ಚಾಪೆ ಹಾಸಿ ಕೂರುತ್ತಿದ್ದರು. ಪಕ್ಕದಲ್ಲಿ ದೊಡ್ಡ ಹರಿವಾಣದ ತುಂಬ ಅಚ್ಚುಮುರುಕು, ಕಜ್ಜಾಯ, ಮೇಲೊಂದು ಬಿಳಿ ಬಟ್ಟೆ. ಬೀದಿಯ ಹೆಂಗಸರು, ತವರಿಗೆ ಬಂದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು ಕೂತು ತಮ್ಮ ಮನೆಯ ವರ್ಷದ ಸುದ್ದಿ ಹೇಳಬೇಕು. ಹೇಳಿದ ಮೇಲೆ ತಟ್ಟೆ. ಅದಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು.

"ವಾಡಿ, ಬಾ ಕುಂತ್ಕೋ. ಮೊದ್ಲು ಕೆಟ್ಟದ್ದು ಯೋಳು. ಒಳ್ಳೇದು ಎಲ್ಲೂ ಓಡೋಗಾಕಿಲ್ಲ."

ಆಸ್ಪತ್ರೆಗೆ ಬಂದವರನ್ನು ಎಲ್ಲಿ ನೋವು ಎಂದು ಮೊದಲು ಕೇಳಿ ಕೇಳಿ ಬಂದ ಅಭ್ಯಾಸ ಅದು ಎಂದು ಈಗ ಅನ್ನಿಸುತ್ತದೆ. ಕಡಯಂಪಟ್ಟಿಗೆ ಕೊಟ್ಟಿದ್ದ ಒಬ್ಬಾಕೆ ಬಸಿರು ನಿಲ್ಲದೆ ಹೋದದ್ದನ್ನು ತನ್ನ ತಾಯಿಗೂ ಹೇಳದೆ ಅಲ್ಲಿ ಹೇಳಿದ್ದು ನನಗೆ ನೆನಪಿದೆ. ಇನ್ನೊಬ್ಬಾಕೆಯ ಮನೆಯಲ್ಲಿ ರೋಗ ಬಂದು ಹಟ್ಟಿಯ ಕುರಿಗಳೆಲ್ಲ ಹೋಗಿದ್ದವು. ನರ್ಸಮ್ಮ ಸಮಾಧಾನ ಹೇಳುತ್ತಿರಲಿಲ್ಲ. ಪ್ರಶ್ನೆ ಕೇಳುತ್ತಿದ್ದರು. ಮೊದಲು ಬಿದ್ದದ್ದು ಯಾವ ಕುರಿ, ಆವತ್ತು ಅಡುಗೆ ಮಾಡಿದವರು ಯಾರು, ನೀನು ಉಂಡೆಯಾ... ಇಂಥ ಪ್ರಶ್ನೆಗಳು. ಹೇಳುವವರು ಉತ್ತರ ಕೊಡುತ್ತಾ ಕೊಡುತ್ತಾ ಒಂದು ಕಡೆ ನಿಂತು ಉಸಿರು ಬಿಡುತ್ತಿದ್ದರು. ಆಗ ಹರಿವಾಣದ ಬಟ್ಟೆ ಸರಿಯುತ್ತಿತ್ತು.

ನಮ್ಮ ಅಜ್ಜಿಗೆ ಮಾತ್ರ ಈ ನಿಯಮ ಕಂಡರೆ ಆಗುತ್ತಿರಲಿಲ್ಲ. ಕೆಟ್ಟದ್ದನ್ನು ಬಾಯಲ್ಲಿ ಆಡಿದರೆ ಮನೆಗೆ ಬರುತ್ತದೆ ಎಂದು ಅವಳ ನಂಬಿಕೆ. "ನಮ್ಮನೇಲಿ ಕೆಟ್ಟದ್ದು ಏನೂ ಇಲ್ಲ ಸಾಮಿ, ಮುನಿಯಪ್ಪ ದೇವ್ರು ಚೆನ್ನಾಗಿ ಮಡಗವ್ನೆ" ಎಂದು ಪ್ರತಿ ವರ್ಷವೂ ಶುರುಮಾಡುತ್ತಿದ್ದಳು.

"ಅಂಗಾದ್ರೆ ತಟ್ಟೆ ಇಲ್ಲ ಪಾಟಿ. ಯೋಚ್ನೆ ಮಾಡ್ಕೊಂಡು ಬಾ" ಎಂದು ನರ್ಸಮ್ಮ, ಅಜ್ಜಿಯನ್ನು ತಮಿಳರಂತೆ ಪಾಟಿ ಎಂದು ಕರೆಯುತ್ತಾ, ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹೊದಿಸುತ್ತಿದ್ದರು. ಅಜ್ಜಿ ಹರಿವಾಣವನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತು, ಕೊನೆಗೆ ಸೊಸೆ ಸಾರಿಗೆ ಹುಣಿಸೆಹಣ್ಣು ಜಾಸ್ತಿ ಹಾಕುತ್ತಾಳೆ, ವರ್ಷವೆಲ್ಲ ಹಲ್ಲು ಚಳಿತುಹೋಯಿತು ಎಂದು ದೂರು ಹೇಳುತ್ತಿದ್ದಳು. ಸೊಸೆ ಎಂದರೆ ನಮ್ಮಮ್ಮ, ಅಲ್ಲೇ ಪಕ್ಕದಲ್ಲಿ ಕೂತಿರುತ್ತಿದ್ದಳು. ಜಗಲಿಯ ಮೇಲಿದ್ದವರೆಲ್ಲ ನಗುತ್ತಿದ್ದರು. ಅಮ್ಮನಿಗೂ ನಗು ತಡೆಯುತ್ತಿರಲಿಲ್ಲ.

ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ ಒಂದು ಆಷಾಢದಲ್ಲಿ, ತಮಿಳರ ಆಡಿ ತಿಂಗಳಲ್ಲಿ, ನರ್ಸಮ್ಮನ ಗಂಡ ಸೇಲಂ ಆಸ್ಪತ್ರೆಯಲ್ಲಿ ತೀರಿಕೊಂಡರು. ಪೇಂಟಿನ ಗಾಳಿ ಕುಡಿದು ಕುಡಿದು ಎದೆ ಕಟ್ಟಿಹೋಗಿತ್ತು. ಅವರ ಕಡೆಯವರು ಬಂದರು, ಪಾದ್ರಿಗಳು ಬಂದರು, ಹಾಡು ಹೇಳಿ ಹೆಣವನ್ನು ಹೊತ್ತುಕೊಂಡು ಹೋದರು. ನರ್ಸಮ್ಮ ಎಲ್ಲವನ್ನೂ ತಾವೇ ನಿಂತು ನೋಡಿಕೊಂಡರು. ಬೀದಿಯವರಿಗೆ ಅವರು ಅತ್ತದ್ದು ಕಾಣಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ಬಾಗಿಲು ಅರ್ಧ ತೆರೆದಿರುತ್ತಿತ್ತು, ಅವರು ಹೊರಗೆ ಬರುವುದು ಕಡಿಮೆಯಾಯಿತು. ನಮ್ಮವರು ಹೋಗಿ ಮಾತಾಡಿಸಿದರೆ "ಇವ್ನಿ, ಚೆನ್ನಾಗಿವ್ನಿ" ಎನ್ನುತ್ತಿದ್ದರು.

ಡಿಸೆಂಬರ್ ಬಂತು. ಬೀದಿಯ ಹೆಂಗಸರೆಲ್ಲ ಸೇರಿ ತೀರ್ಮಾನ ಮಾಡಿದರು. ಸಾವಾದ ಮನೆ, ವರ್ಷ ತುಂಬಿಲ್ಲ, ಈ ಸಲ ಅಲ್ಲಿ ಹಬ್ಬವಿಲ್ಲ. ತಟ್ಟೆಗಾಗಿ ಯಾರೂ ಆ ಕಡೆ ಹೋಗಬಾರದು, ಹೋದರೆ ಪಾಪ ಆ ಜೀವಕ್ಕೆ ಸಂಕಟ. ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಅವರ ಬಾಗಿಲ ಮುಂದೆ ಆಡಬಾರದು. ರೇಡಿಯೋ ಜೋರಾಗಿ ಹಾಕಬಾರದು. ಯಾರಿಗೂ ಇದರಲ್ಲಿ ಅನುಮಾನವೇ ಇರಲಿಲ್ಲ. ಕ್ರಿಸ್ಮಸ್ಸಿನ ಹಿಂದಿನ ದಿನ ಸಂಜೆ ಅವರ ಬಾಗಿಲಲ್ಲಿ ನಕ್ಷತ್ರ ಕಂಡಿತು, ಹಳೆಯದೇ, ಕಾಗದ ಅಲ್ಲಲ್ಲಿ ಹರಿದಿತ್ತು. ಚರ್ಚಿನ ಹುಡುಗರು ಕಟ್ಟಿ ಹೋಗಿರಬೇಕು ಎಂದಳು ಅಜ್ಜಿ. ಆಮೇಲೆ ಅಚ್ಚುಮುರುಕಿನ ವಾಸನೆ ಬೀದಿಯ ಉದ್ದಕ್ಕೂ ಬಂತು. ಚರ್ಚಿಗೆ ಕೊಡಲು ಕರಿಯುತ್ತಿರಬೇಕು ಎಂದಳು ಅಮ್ಮ. ಕಣ್ಣಿಗೆ ಕಂಡದ್ದಕ್ಕೂ ಮೂಗಿಗೆ ಬಂದದ್ದಕ್ಕೂ ನಮ್ಮ ಹತ್ತಿರ ಉತ್ತರವಿತ್ತು.

ಕ್ರಿಸ್ಮಸ್ ಬೆಳಿಗ್ಗೆ ನರ್ಸಮ್ಮ ಚರ್ಚಿನಿಂದ ಬಂದರು, ಬಿಳಿ ಸೀರೆ. ಚಾಪೆ ಹಾಸಿದರು. ಹರಿವಾಣ ತಂದಿಟ್ಟರು. ಕೂತರು. ನಮ್ಮ ಮನೆ ಅವರ ಮನೆಗೆ ಎದುರು, ನಾನು ಕಿಟಕಿಯ ಸಂದಿಯಿಂದ ನೋಡುತ್ತಿದ್ದೆ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಎಲ್ಲ ಮನೆಗಳ ಬಾಗಿಲೂ ಮರ್ಯಾದೆಯಿಂದ ಮುಚ್ಚಿಕೊಂಡಿದ್ದವು. ಅವರು ಬಟ್ಟೆ ಸರಿಪಡಿಸಿದರು, ಬೀದಿಯ ಆ ತುದಿ ನೋಡಿದರು, ಈ ತುದಿ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು... ಅಮ್ಮಾ, ನರ್ಸಮ್ಮ ಕೂತಿದ್ದಾರೆ ಎಂದರೆ, ಬಿಸಿಲು ಕಾಯಿಸಿಕೊಳ್ಳುತ್ತಿರಬೇಕು ಸುಮ್ಮನಿರು ಎಂದು ಅಮ್ಮ ಗದರಿದಳು.

ಮಧ್ಯಾಹ್ನದ ಹೊತ್ತಿಗೆ ಅಮ್ಮನಿಗೆ ಸಂಕಟ ಶುರುವಾಯಿತು. ಸಾವಾದ ಮನೆಯಲ್ಲಿ ಹಬ್ಬದ ದಿನ ಸಿಹಿ ಮಾಡುವ ಹಾಗಿಲ್ಲ, ನೆರೆಯವರು ತಂದುಕೊಡಬೇಕು, ಅದು ಆಗ ನಮ್ಮ ಬೀದಿಯ ಪದ್ಧತಿ. ಅಮ್ಮ ಗಡಿಬಿಡಿಯಲ್ಲಿ ಒಬ್ಬಟ್ಟು ತಟ್ಟಿ, ತಟ್ಟೆಯಲ್ಲಿಟ್ಟು, ಮೇಲೆ ಎಲೆ ಮುಚ್ಚಿಕೊಂಡು ಹೊರಟಳು. ನಾನು ಹಿಂದೆ. ಬೀದಿಗಿಳಿದು ನೋಡಿದರೆ ಪಕ್ಕದ ಮನೆಯಾಕೆಯೂ ಪಾಯಸದ ಪಾತ್ರೆ ಹಿಡಿದು ಬರುತ್ತಿದ್ದಾಳೆ. ಆ ತುದಿಯಿಂದ ಇನ್ನೊಬ್ಬಳು. ಎಲ್ಲರಿಗೂ ಒಂದೇ ಸಲ ಅದೇ ಯೋಚನೆ ಬಂದಿತ್ತು.

ನರ್ಸಮ್ಮ ಅಮ್ಮನ ಕೈಯಲ್ಲಿದ್ದ ತಟ್ಟೆಯನ್ನು ನೋಡಿದರು. ತಲೆ ಎತ್ತಿ ಅಮ್ಮನ ಮುಖ ನೋಡಿದರು.

"ಇದೇನಮ್ಮಾ ಇದು?"

"ಸಾವಾಗಿರೋ ಮನೇಲಿ ಅಬ್ಬ ಇರಾಕಿಲ್ವಲ್ಲ ನರ್ಸಮ್ಮಾ, ಅದುಕ್ಕೆ ನಾವೇ..." ಎಂದು ಅಮ್ಮ ತೊದಲಿದಳು.

"ನಮ್ಮನೇಲಿ ಅಬ್ಬ ಇಲ್ಲ ಅಂತ ನಿಮಗ್ಯಾರು ಯೋಳಿದ್ದು? ಸತ್ತಿದ್ದು ನನ್ ಗಂಡ ಕಣಮ್ಮ. ಅದುಕ್ಕೆ ಏಸಪ್ಪ ಉಟ್ಟದೆ ಇರ್ತಾರಾ?" ಗಟ್ಟಿ ಗಂಟಲು ಒಡೆದುಹೋಯಿತು. "ಒತ್ತಾರೆಯಿಂದ ಕುಂತಿವ್ನಿ ಇಲ್ಲಿ. ಒಬ್ರಾನ ಬಂದ್ರಾ? ನಿಮ್ ಮನೆ ಸುದ್ದಿ ಎಲ್ಲಾ ವರ್ಸವರ್ಸ ನಾನು ಕೇಳಿವ್ನಿ. ನಂದು ಯಾರು ಕೇಳಾದು?"

ಬೀದಿಯ ಹೆಂಗಸರು ತಟ್ಟೆ ಪಾತ್ರೆ ಹಿಡಿದುಕೊಂಡು ಬಿಸಿಲಲ್ಲಿ ನಿಂತೇ ಇದ್ದರು. ನಮ್ಮಲ್ಲಿ ಹಬ್ಬ ನಿಲ್ಲುವ ಹಾಗೆ ಅವರಲ್ಲಿ ನಿಲ್ಲುವುದಿಲ್ಲ ಎನ್ನುವುದು ಯಾರ ತಲೆಗೂ ಹೊಳೆದಿರಲಿಲ್ಲ. ಮೊದಲು ಜಗಲಿಗೆ ಹೋಗಿ ಕೂತದ್ದು ನಮ್ಮ ಅಜ್ಜಿ. ಕೋಲೂರಿಕೊಂಡು ಯಾವಾಗ ಹಿಂದೆ ಬಂದಿದ್ದಳೋ ಗೊತ್ತಿಲ್ಲ. ಚಾಪೆಯ ಮೇಲೆ ಕಾಲು ಮಡಚಿ ಕೂತು, ಕೆಟ್ಟದ್ದನ್ನು ಬಾಯಲ್ಲಿ ಆಡಬಾರದೆನ್ನುವ ನಮ್ಮ ಅಜ್ಜಿ, "ಯೋಳವ್ವ" ಎಂದಳು.

ನರ್ಸಮ್ಮ ಹೇಳಿದರು. ಆಸ್ಪತ್ರೆಯಲ್ಲಿ ಗಂಡನ ಉಸಿರು ಸಣ್ಣದಾಗುತ್ತಿದ್ದದ್ದು ಅವರಿಗೆ ಡಾಕ್ಟರಿಗಿಂತ ಮೊದಲೇ ಗೊತ್ತಾಗಿತ್ತಂತೆ. ಇಷ್ಟು ವರ್ಷ ಎಷ್ಟೋ ಜನರ ಪಕ್ಕದಲ್ಲಿ ನಿಂತವರು, ತಮ್ಮ ಗಂಡನ ಪಕ್ಕದಲ್ಲಿ ನಿಲ್ಲದೆ ಮಂಚದ ಅಂಚಿನಲ್ಲಿ ಕೂತುಬಿಟ್ಟರಂತೆ. ಏನಾದರೂ ಹೇಳುತ್ತಾರೆ, ತಮ್ಮ ಹೆಸರು ಹಿಡಿದು ಕರೆಯುತ್ತಾರೆ ಎಂದು ಬಾಯಿಯ ಹತ್ತಿರ ಕಿವಿ ಇಟ್ಟಿದ್ದರಂತೆ. ಗಂಡ ಕಣ್ಣು ಬಿಟ್ಟು, ತಾವು ಮಲಗಿದ್ದ ಕಬ್ಬಿಣದ ಮಂಚದ ಸರಳನ್ನು ಉಗುರಿನಿಂದ ಕೆರೆದು ನೋಡಿದರಂತೆ. ಆಮೇಲೆ ತಮಿಳಿನಲ್ಲಿ ಒಂದು ಮಾತು ಹೇಳಿದರಂತೆ. ಅದನ್ನು ನರ್ಸಮ್ಮ ನಮಗಾಗಿ ಕನ್ನಡದಲ್ಲಿ ಹೇಳಿದರು.

"ಪ್ರೈಮರ್ ಒಡೀದೆ ಪೇಂಟ್ ಒಡ್ದವ್ರೆ. ಅದುಕ್ಕೇ ಎದ್ದು ಬತ್ತೈತೆ."

ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರಿನ ಮಾತು, ಅಷ್ಟೇ. ಅದೇ ಕಡೆಯ ಮಾತು. ಪಾದ್ರಿಗಳು ಬಂದು, ಹೋಗುವಾಗ ಏನು ಹೇಳಿದರು ತಾಯೀ ಎಂದು ಕೇಳಿದಾಗ ನರ್ಸಮ್ಮನಿಗೆ ನಾಚಿಕೆಯಾಗಿ, ಪ್ರಾರ್ಥನೆ ಮಾಡುತ್ತಾ ಹೋದರು ಎಂದುಬಿಟ್ಟರಂತೆ. ಪಾದ್ರಿಗಳು ಅದನ್ನೇ ಚರ್ಚಿನಲ್ಲಿ ಎಲ್ಲರ ಮುಂದೆ ಹೇಳಿದರು. ಗಂಡನ ಅಕ್ಕತಂಗಿಯರೂ ಅದನ್ನೇ ಹೇಳಿಕೊಂಡು ತಿರುಗಿದರು. ನಿಜವಾದ ಮಾತು ಇವರೊಬ್ಬರೊಳಗೇ ಉಳಿಯಿತು. "ಕ್ರಿಸ್ಮಸ್ ಬರ್ಲಿ, ನಮ್ ಬೀದಿಯೋರ್ಗೆ ಯೋಳ್ತೀನಿ ಅಂತ ಮಡಿಕ್ಕೊಂಡಿದ್ದೆ" ಎಂದರು.

ಆಮೇಲೆ ಅಜ್ಜಿ ಬಹಳ ಗಂಭೀರವಾಗಿ, "ನಿಜವಾಗ್ಲೂ ಪೇಂಟ್ ಎದ್ದಿತ್ತಾ?" ಎಂದು ಕೇಳಿದಳು.

"ಎದ್ದಿತ್ತು ಪಾಟಿ. ನಾನೂ ಆಮ್ಯಾಕೆ ಕೆರೆದು ನೋಡ್ದೆ" ಎಂದ ನರ್ಸಮ್ಮನ ಬಾಯಿ ವಾರೆಯಾಯಿತು. ನಗು ಬಂದುಬಿಟ್ಟಿತು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಪಾಯಸದಾಕೆ ಪಾತ್ರೆ ಕೆಳಗಿಟ್ಟು ನಕ್ಕಳು. ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತಾ ನಗುತ್ತಾ ಅಜ್ಜಿಯ ಹೆಗಲ ಮೇಲೆ ತಲೆಯಿಟ್ಟು ಜೋರಾಗಿ ಅತ್ತರು. ಆಡಿ ತಿಂಗಳಿಂದ ಬೀದಿಗೆ ಕಾಣದ ಅಳು ಅದು. ಆವತ್ತು ಸಂಜೆಯವರೆಗೆ ಯಾರೂ ಮನೆಗೆ ಹೋಗಲಿಲ್ಲ. ಒಬ್ಬಟ್ಟು, ಪಾಯಸ, ಅಚ್ಚುಮುರುಕು ಎಲ್ಲ ಒಂದೇ ಎಲೆಯ ಮೇಲೆ ಬಿದ್ದವು. ಉಳಿದವರ ಮನೆಯ ಸುದ್ದಿಗಳೆಲ್ಲ ಆಮೇಲೆ ಬಂದವು.

ಮದುವೆಯಾಗಿ ಸೇಲಂಗೆ ಬಂದ ಮೇಲೂ ನಾನು ಕೆಲವು ವರ್ಷ ಆ ಜಗಲಿಗೆ ಹೋಗಿದ್ದೇನೆ. ನನ್ನ ಕೆಟ್ಟ ಸುದ್ದಿಗಳನ್ನೂ ಅಲ್ಲಿ ಹೇಳಿದ್ದೇನೆ. ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಮೊದಲು ಹೇಳಿದ್ದು ಅವರಿಗೇ. ಆಮೇಲೆ ಒಂದು ಮಳೆಗಾಲದಲ್ಲಿ ನರ್ಸಮ್ಮ ನಿದ್ದೆಯಲ್ಲೇ ಹೋದರು. ಕಡೆಗೆ ಏನಾದರೂ ಹೇಳಿದರೋ ಇಲ್ಲವೋ, ಕೇಳಿಸಿಕೊಂಡವರು ಯಾರೂ ಇರಲಿಲ್ಲ. ರಸ್ತೆ ಅಗಲ ಮಾಡುವಾಗ ಬೀದಿಯ ಜಗಲಿಗಳೆಲ್ಲ ಹೋದವು. ಅವರ ಮನೆ ಇದ್ದ ಜಾಗದಲ್ಲಿ ಈಗ ಬೈಕ್ ನಿಲ್ಲಿಸುತ್ತಾರೆ. ಅಜ್ಜಿಯೂ ಇಲ್ಲ, ಅಮ್ಮನೂ ಇಲ್ಲ. ಆ ಮಧ್ಯಾಹ್ನ ಅಲ್ಲಿ ನಕ್ಕವರಲ್ಲಿ ಉಳಿದಿರುವುದು ಬಹುಶಃ ನಾನೊಬ್ಬಳೇ...

ಕಾಫಿ ಬೆರೆಸಿ ತಮ್ಮನಿಗೆ ಕೊಟ್ಟೆ. ಅವನು ಟಿವಿ ನೋಡುತ್ತಿದ್ದ. ಪಕ್ಕದಲ್ಲಿ ಕೂತು, ನಿಮ್ಮ ಭಾವ ಆವತ್ತು ಬೆಳಿಗ್ಗೆ... ಎಂದು ಶುರುಮಾಡಿದೆ. "ಬುಡಕ್ಕ, ಈಗ್ಯಾಕೆ ಅದೆಲ್ಲಾ" ಎಂದ ತಮ್ಮ, ಬಹಳ ಮೃದುವಾಗಿ. ಅವನ ಕಣ್ಣು ಆಗಲೇ ತುಂಬಿತ್ತು. ನಾನು ಎದ್ದು ಅಡುಗೆಮನೆಗೆ ಬಂದೆ. ಯಜಮಾನರು ಸತ್ತದ್ದು ಎಲ್ಲರಿಗೂ ಗೊತ್ತು. ಹೇಗಾಯಿತು ಎಂದು ಕೇಳಿದವರಿಗೆ ಹಾರ್ಟ್ ಎಂದು ಹೇಳಿದ್ದೇನೆ, ಅವರು ತಲೆಯಾಡಿಸಿದ್ದಾರೆ. ಆ ಬೆಳಿಗ್ಗೆ ಏನಾಯಿತೆಂದು ನಾನು ಇವತ್ತಿನವರೆಗೆ ಒಬ್ಬರಿಗೂ ಹೇಳಿಲ್ಲ.

ತಮ್ಮನ ಹೆಂಡತಿ ಸೊಪ್ಪು ಬಿಡಿಸುತ್ತಾ ನೆಲದ ಮೇಲೆ ಕೂತಿದ್ದಳು. ಹೆಚ್ಚು ಮಾತಿನವಳಲ್ಲ. ನಾನು ತಮ್ಮನ ಹತ್ತಿರ ಆಡಿದ ಮಾತು ಅವಳಿಗೂ ಕೇಳಿಸಿರಬೇಕು. ಕೈಯಲ್ಲಿದ್ದ ಸೊಪ್ಪನ್ನು ಮೊರದಲ್ಲಿಟ್ಟು ನನ್ನ ಕಡೆ ತಿರುಗಿ, "ಯೋಳಕ್ಕ" ಎಂದಳು.

ನಾನು ಅವಳೆದುರು ಕೂತೆ. ಹೇಳಿದೆ. ಆ ಬೆಳಿಗ್ಗೆ ಯಜಮಾನರು ಪೇಪರ್ ಓದುತ್ತಿದ್ದರು, ನಾಳೆ ಶಟ್‌ಡೌನ್ ಅಂತೆ, ದಿನವಿಡೀ ಕರೆಂಟ್ ಇರಲ್ಲ, ಹೋಗಿ ಮೋಟಾರ್ ಹಾಕಿ ಟ್ಯಾಂಕ್ ತುಂಬಿಸಿಬಿಡು ಎಂದರು. ಮೋಟಾರಿನ ಸ್ವಿಚ್ಚು ಕೆಳಗೆ ಮೆಟ್ಟಿಲ ಕೆಳಗಿದೆ. ಇಳಿದು ಹೋಗಿ ಹಾಕಿದೆ. ಗೇಟಿನ ಹತ್ತಿರ ಹೂವಿನವಳು ಬಂದಿದ್ದಳು, ಒಂದು ಮೊಳ ತೆಗೆದುಕೊಂಡೆ. ಮೇಲೆ ಬಂದಾಗ ಪೇಪರ್ ಅವರ ಮಡಿಲಲ್ಲೇ ಇತ್ತು, ಕನ್ನಡಕ ಮೂಗಿನ ಮೇಲೇ ಇತ್ತು. ಕೂಗಿದೆ. ಅಲುಗಿಸಿದೆ. ಯಾವಾಗಲೋ ಮೇಲಿನ ಟ್ಯಾಂಕು ತುಂಬಿ ನೀರು ಧೋ ಎಂದು ಗೋಡೆಯ ಮೇಲೆ ಸುರಿಯತೊಡಗಿತು. ನಾನು ಅವರ ಕೈ ಹಿಡಿದುಕೊಂಡು ಆ ನೀರಿನ ಶಬ್ದ ಕೇಳುತ್ತಾ ಕೂತಿದ್ದೆ. ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಬಾಗಿಲಿಗೆ ಜನ ಬರುವ ಹೊತ್ತಿಗೆ ನೀರಿನ ಶಬ್ದ ನಿಂತಿತ್ತು.

ತಮ್ಮನ ಹೆಂಡತಿ ಮೊರವನ್ನು ಪಕ್ಕಕ್ಕೆ ಸರಿಸಿ ಕೇಳಿದಳು.

"ಮೋಟಾರ್ ಯಾರು ನಿಲ್ಸುದ್ರಕ್ಕ?"

ಇಷ್ಟು ತಿಂಗಳಲ್ಲಿ ಯಾರೂ ನನ್ನನ್ನು ಅಂಥದೊಂದು ಪ್ರಶ್ನೆ ಕೇಳಿರಲಿಲ್ಲ. ಗೊತ್ತಿಲ್ಲ ಕಣೆ, ಎಂದೆ. ಅಳು ಬಂದದ್ದು ಆಗ.